ಕಾವೇರಿಯ ಕುಡಿಯುವ ನೀರಿನ ಅಣೆಕಟ್ಟುಗಳು ಮತ್ತು ಮೀನುಗಳ ವಲಸೆ

ಕಾವೇರಿಯ ಕುಡಿಯುವ ನೀರಿನ ಅಣೆಕಟ್ಟುಗಳು ಮತ್ತು ಮೀನುಗಳ ವಲಸೆ ಎಂಬ ಈ ಲೇಖನವು ಬೆಂಗಳೂರು ನಗರಕ್ಕೆ ನೀರು ಒದಗಿಸುವ ಕಾವೇರಿ ಜಲಾನಯನ ಪ್ರದೇಶದಲ್ಲಿ ಅಣೆಕಟ್ಟುಗಳಿಂದ ಮೀನುಗಳ ಸಂಚಾರಕ್ಕೆ ಉಂಟಾಗಿರುವ ಅಡಚಣೆಯನ್ನೂ, ಅದನ್ನು ನಿವಾರಿಸುವ ವಿಧಾನಗಳನ್ನೂ ಕುರಿತದ್ದಾಗಿದೆ. ಮೊಟ್ಟೆಯಿಡಲು, ಆಹಾರ ಹುಡುಕಲು ಅಥವಾ ಬೇಸಿಗೆಯಲ್ಲಿ ಆಳವಾದ ಮಡುಗಳನ್ನು ಸೇರಲು ನದಿಯಲ್ಲಿ ಮೇಲಕ್ಕೂ ಕೆಳಕ್ಕೂ ಸಂಚರಿಸುವ ಮೀನುಗಳನ್ನು ವಲಸೆ ಮೀನುಗಳೆಂದು ಕರೆಯುತ್ತಾರೆ. ಅಣೆಕಟ್ಟನ್ನು ದಾಟಲು ಇಂತಹ ಮೀನುಗಳಿಗೆ ಮಾಡಿಕೊಡುವ ರಚನೆಗೆ ಮೀನುದಾರಿ ಎಂದು ಹೆಸರು. ಅದರ ಅತ್ಯಂತ ಪರಿಚಿತ ರೂಪವೇ ಮೀನು ಏಣಿ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಕೊಳವೆಯ ಮೂಲಕ ಬರುವ ನೀರು ಕಾವೇರಿಯದು. ಕಾವೇರಿಯ ದೊಡ್ಡ ಜಲಾಶಯಗಳಾದ ಕೃಷ್ಣರಾಜಸಾಗರ ಮತ್ತು ಮೆಟ್ಟೂರಿನಲ್ಲಿ ಮೀನುದಾರಿಗಳಿಲ್ಲ. ಈ ನದಿಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಮೀನು ಇಂದು ಅಳಿವಿನ ಅಂಚಿನಲ್ಲಿದ್ದು, ಅದರ ಉಳಿದಿರುವ ಮುಖ್ಯ ನೆಲೆಯಲ್ಲಿಯೇ ಬೆಂಗಳೂರಿನ ಕುಡಿಯುವ ನೀರಿಗಾಗಿ ಮೇಕೆದಾಟು ಜಲಾಶಯವನ್ನು ಪ್ರಸ್ತಾಪಿಸಲಾಗಿದೆ. ಆದುದರಿಂದ ಮೀನುಗಳ ವಲಸೆಯ ಪ್ರಶ್ನೆಯು ನಗರದ ನೀರು ಸರಬರಾಜಿನ ಪ್ರಶ್ನೆಯೊಂದಿಗೆ ನೇರವಾಗಿ ಹೆಣೆದುಕೊಂಡಿದೆ.

ವಲಸೆಯ ಸ್ವರೂಪ

ವಲಸೆ ಮೀನುಗಳನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ವಿಂಗಡಿಸಲಾಗುತ್ತದೆ.

ಮೊದಲನೆಯದು, ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಯನ್ನು ಏರುವ ಮೀನುಗಳು. ಹಿಲ್ಸಾ ಇದಕ್ಕೆ ಭಾರತದ ಪ್ರಸಿದ್ಧ ಉದಾಹರಣೆ. ಹಿಂದೆ ಈ ಮೀನು ಬಂಗಾಳಕೊಲ್ಲಿಯಿಂದ ಕಾವೇರಿಯನ್ನೂ ಏರಿ ಬರುತ್ತಿತ್ತು.

ಎರಡನೆಯದು, ಸಿಹಿನೀರಿನಲ್ಲಿ ಬೆಳೆದು ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುವ ಮೀನುಗಳು. ಹಾವಿನಂತೆ ಉದ್ದವಾದ ಈಲ್ ಮೀನುಗಳು ಈ ಗುಂಪಿಗೆ ಸೇರುತ್ತವೆ. ಇವುಗಳ ಮರಿಗಳು ಸಮುದ್ರದಿಂದ ನದಿಗೆ ಬಂದು, ಹಲವು ವರ್ಷ ಅಲ್ಲಿ ಬೆಳೆದು ಮತ್ತೆ ಸಮುದ್ರಕ್ಕೆ ಮರಳುತ್ತವೆ.

ಮೂರನೆಯದು, ಸಮುದ್ರಕ್ಕೆ ಹೋಗದೆ ನದಿಯೊಳಗೇ ಸಂಚರಿಸುವ ಮೀನುಗಳು. ಮಹಶೀರ್ ಹಾಗೂ ಕಾವೇರಿಯ ಹಲವು ಗೆಂಡೆ ಜಾತಿಯ ಮೀನುಗಳು ಈ ಗುಂಪಿನವು. ಬೇಸಿಗೆಯನ್ನು ಆಳವಾದ ಮಡುಗಳಲ್ಲಿ ಕಳೆಯುವ ಮಹಶೀರ್, ಮುಂಗಾರಿನ ಪ್ರವಾಹದೊಂದಿಗೆ ಮೇಲ್ಮುಖವಾಗಿಯೂ ಉಪನದಿಗಳೊಳಕ್ಕೂ ಸಾಗಿ, ಆಮ್ಲಜನಕ ಹೇರಳವಾಗಿರುವ ಹರಿಯುವ ನೀರಿನಲ್ಲಿ ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ.

ಮೀನುಗಳ ವಲಸೆಯು ಕನ್ನಡ ನಾಡಿನ ಜನರಿಗೆ ಬಹುಕಾಲದಿಂದ ತಿಳಿದ ಸಂಗತಿ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಮೀನನ್ನು ಮಲೆನಾಡಿನಲ್ಲಿ ‘ಹತ್ತುಮೀನು’ ಎನ್ನುತ್ತಾರೆ. ಈ ಹೆಸರಿನಲ್ಲಿರುವುದು ಹತ್ತು ಎಂಬ ಸಂಖ್ಯೆಯಲ್ಲ, ಏರು ಎಂಬ ಅರ್ಥದ ಕ್ರಿಯಾಪದ. ಕರ್ನಾಟಕದ ನದಿಗಳಲ್ಲಿ ದೇವಾಲಯಗಳ ಆಶ್ರಯದಲ್ಲಿರುವ ಮತ್ಸ್ಯಧಾಮಗಳೂ ಇವೆ. ಕಾವೇರಿ ದಡದ ರಾಮನಾಥಪುರ, ತುಂಗಾ ದಡದ ಶೃಂಗೇರಿ ಮತ್ತು ದಕ್ಷಿಣ ಕನ್ನಡದ ಶಿಶಿಲ ಇವುಗಳಲ್ಲಿ ಹೆಸರಾದವು. ದೇವರ ಮೀನುಗಳೆಂಬ ನಂಬಿಕೆಯಿಂದ ಇಲ್ಲಿ ಮೀನು ಹಿಡಿಯುವಂತಿಲ್ಲ. ಆದರೆ ಮಡುವೊಂದನ್ನು ಕಾಯ್ದ ಮಾತ್ರಕ್ಕೆ ವಲಸೆ ಮೀನಿನ ಜೀವನಚಕ್ರ ಪೂರ್ಣವಾಗುವುದಿಲ್ಲ. ಮಡುವಿನಿಂದ ಮೊಟ್ಟೆಯಿಡುವ ತಾಣಕ್ಕೂ, ಅಲ್ಲಿಂದ ಮರಳಿ ಮಡುವಿಗೂ ನೀರಿನ ದಾರಿ ತೆರೆದಿರಬೇಕಾಗುತ್ತದೆ.

ಅಣೆಕಟ್ಟುಗಳ ಪರಿಣಾಮ

ಅಣೆಕಟ್ಟು ಮೀನಿನ ವಲಸೆಯನ್ನು ಹಲವು ಬಗೆಯಲ್ಲಿ ತಡೆಯುತ್ತದೆ. ಗೋಡೆಯ ಎತ್ತರವೇ ಮೊದಲ ಅಡ್ಡಿ. ಅದರ ಹಿಂದೆ ನಿಂತ ನೀರು ಎರಡನೆಯ ಅಡ್ಡಿ: ಹರಿವಿನ ದಿಕ್ಕನ್ನು ಅನುಸರಿಸಿ ಸಾಗುವ ಮೀನಿಗೆ ವಿಶಾಲವಾದ ಜಲಾಶಯದಲ್ಲಿ ದಾರಿ ತಪ್ಪುತ್ತದೆ. ಹರಿವಿನೊಂದಿಗೆ ತೇಲಿ ಬರುವ ಮೊಟ್ಟೆ ಮತ್ತು ಎಳೆಮರಿಗಳು ನಿಂತ ನೀರಿನ ತಳಕ್ಕೆ ಇಳಿದು ಸಾಯಬಹುದು. ಮೂರನೆಯದಾಗಿ, ಜಲಾಶಯವು ಮುಂಗಾರಿನ ಮೊದಲ ಪ್ರವಾಹವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹೊರಡುವ ಕಾಲ ಬಂತೆಂಬ ಸೂಚನೆಯೇ ಕೆಳಭಾಗದ ಮೀನುಗಳಿಗೆ ತಲುಪುವುದಿಲ್ಲ. ಆಳದ ತೂಬುಗಳಿಂದ ಬಿಡುವ ನೀರು ತಣ್ಣಗಿದ್ದು, ಅದರಲ್ಲಿ ಆಮ್ಲಜನಕವೂ ಕಡಿಮೆ ಇರುವ ಸಾಧ್ಯತೆಯಿದೆ. ಮರಳು ಮತ್ತು ಜಲ್ಲಿ ಜಲಾಶಯದಲ್ಲೇ ಉಳಿಯುವುದರಿಂದ ಕೆಳಗಿನ ಮೊಟ್ಟೆ ತಾಣಗಳು ಕ್ರಮೇಣ ಸವೆಯುತ್ತವೆ.

ಎಲ್ಲ ಅಡ್ಡಗಟ್ಟೆಗಳ ಪರಿಣಾಮವೂ ಒಂದೇ ಅಲ್ಲ. ಕಾವೇರಿಗೆ ಹಿಂದಿನ ಅರಸರ ಕಾಲದಿಂದಲೂ ಕಲ್ಲಿನ ಕಟ್ಟೆಗಳನ್ನು ಹಾಕಲಾಗಿದೆ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು ಅಂತಹವುಗಳಲ್ಲೊಂದು. ರಂಗನತಿಟ್ಟು ಪಕ್ಷಿಧಾಮದ ನಡುಗಡ್ಡೆಗಳು ರೂಪುಗೊಂಡದ್ದು 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕಟ್ಟೆಯಿಂದ. ಇಂತಹ ತಗ್ಗಿನ ಕಟ್ಟೆಗಳು ಪ್ರವಾಹದಲ್ಲಿ ಮುಳುಗುವುದರಿಂದ ಬಲವಾಗಿ ಈಜುವ ಮೀನುಗಳಿಗೆ ವರ್ಷದ ಕೆಲವು ದಿನಗಳಾದರೂ ದಾರಿ ಸಿಗುತ್ತದೆ. ಇಪ್ಪತ್ತನೆಯ ಶತಮಾನದ ಎತ್ತರದ ಅಣೆಕಟ್ಟುಗಳಲ್ಲಿ ಈ ಅವಕಾಶವಿಲ್ಲ.

ಇತಿಹಾಸ

ದಕ್ಷಿಣ ಭಾರತದಲ್ಲಿ ಅಣೆಕಟ್ಟುಗಳಿಂದ ಮೀನುಗಳಿಗಾಗುವ ತೊಂದರೆಯ ಚರ್ಚೆ 19ನೆಯ ಶತಮಾನದಷ್ಟು ಹಳೆಯದು. ಕಾವೇರಿ ಮತ್ತು ಗೋದಾವರಿಯ ಮುಖಜಭೂಮಿಗಳಲ್ಲಿ ಅಣೆಕಟ್ಟುಗಳನ್ನು ನಿರ್ಮಿಸಿದ ಸರ್ ಆರ್ಥರ್ ಕಾಟನ್ ಅವರೇ 1860ರ ದಶಕದಲ್ಲಿ ನೀರಾವರಿ ಕಾಮಗಾರಿಗಳಿಂದ ಮೀನುಗಳಿಗಾಗುವ ಹಾನಿಯತ್ತ ಸರ್ಕಾರದ ಗಮನ ಸೆಳೆದರು. ಮದ್ರಾಸ್ ಸೇನೆಯ ವೈದ್ಯರೂ ಮತ್ಸ್ಯಶಾಸ್ತ್ರಜ್ಞರೂ ಆಗಿದ್ದ ಫ್ರಾನ್ಸಿಸ್ ಡೇ ಅವರು ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಕುರಿತು 1873ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಣೆಕಟ್ಟುಗಳು ವಲಸೆ ಮೀನುಗಳಿಗೆ ಒಡ್ಡುವ ತಡೆಯನ್ನು ಚರ್ಚಿಸಿದ್ದಾರೆ. ಡೈನಮೈಟ್ ಸಿಡಿಸಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಜಾರಿಗೆ ಬಂದಿತು.

ತಮಿಳುನಾಡಿನಲ್ಲಿ ಕಾವೇರಿಯ ಕವಲಾದ ಕೊಳ್ಳಿಡಂ ನದಿಯ ಕೆಳ ಅಣೆಕಟ್ಟಿನಲ್ಲಿ ಮೀನುದಾರಿಯ ಪ್ರಯೋಗ ನಡೆದರೂ ಹಿಲ್ಸಾ ಮೀನುಗಳಿಗೆ ಅದು ಪ್ರಯೋಜನಕ್ಕೆ ಬರಲಿಲ್ಲ. ಯುರೋಪಿನ ಮೀನು ಏಣಿಗಳು ನೀರಿನಿಂದ ಮೇಲಕ್ಕೆ ನೆಗೆಯುವ ಸಾಲ್ಮನ್ ಮೀನಿಗೆ ತಕ್ಕಂತೆ ರೂಪುಗೊಂಡವು. ಹಿಲ್ಸಾ ಹಾಗೆ ನೆಗೆಯುವ ಮೀನಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡ ನಂತರ ಹಿಲ್ಸಾ ಮೇಲಿನ ಕಾವೇರಿಗೆ ಬರುವ ದಾರಿ ಸಂಪೂರ್ಣವಾಗಿ ಮುಚ್ಚಿತು.

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಉಪನದಿಗಳಿಗೆ ಕಬಿನಿ (1974), ಹೇಮಾವತಿ (1979) ಮತ್ತು ಹಾರಂಗಿ (1982) ಜಲಾಶಯಗಳು ನಿರ್ಮಾಣವಾದವು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಗಾಳ ಹಾಕಿ ಹಿಡಿದ 120 ಪೌಂಡ್ (ಸುಮಾರು 54 ಕಿ.ಗ್ರಾಂ) ತೂಕದ ಮಹಶೀರ್ ಮೀನಿನ ದಾಖಲೆಯು, ಅಣೆಕಟ್ಟು ಕಟ್ಟುವ ಮೊದಲು ಆ ನದಿ ಎಂತಹ ಮೀನುಗಳನ್ನು ಪೋಷಿಸುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಬೆಂಗಳೂರಿನ ನೀರು ಸರಬರಾಜು

ಬೆಂಗಳೂರಿಗೆ ದೂರದಿಂದ ನೀರು ತರುವ ಯೋಜನೆಗಳು ಅರ್ಕಾವತಿ ನದಿಯಿಂದ ಆರಂಭವಾದವು. ಹೆಸರಘಟ್ಟದಿಂದ 1896ರಲ್ಲೂ, ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ 1933ರಲ್ಲೂ ನೀರು ಪೂರೈಕೆ ಆರಂಭವಾಯಿತು. ನಗರ ಬೆಳೆದಂತೆ ಇವು ಸಾಲದಾಗಿ ಕಾವೇರಿಯತ್ತ ಮುಖ ಮಾಡಬೇಕಾಯಿತು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ 1964ರಲ್ಲಿ ಸ್ಥಾಪನೆಗೊಂಡಿತು. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ, ಎರಡನೆಯ ಹಂತ 1982ರಲ್ಲಿ, ಮೂರನೆಯ ಹಂತ 1993ರಲ್ಲಿ, ನಾಲ್ಕನೆಯ ಹಂತದ ಎರಡು ಘಟ್ಟಗಳು 2002 ಮತ್ತು 2012ರಲ್ಲಿ ಕಾರ್ಯಾರಂಭ ಮಾಡಿದವು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು.

ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಬಿಟ್ಟ ನೀರು ತಿರುಮಕೂಡಲು ನರಸೀಪುರದಲ್ಲಿ ಒಂದಾಗಿ ನದಿಯಲ್ಲೇ ಹರಿದು, ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟನ್ನು ತಲುಪುತ್ತದೆ. ಅಲ್ಲಿಂದ ನೆಟ್ಕಲ್ ಸಮತೋಲನ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ (ಟಿ.ಕೆ. ಹಳ್ಳಿ) ಬಂದು ಶುದ್ಧೀಕರಣಗೊಳ್ಳುತ್ತದೆ. ಟಿ.ಕೆ. ಹಳ್ಳಿ, ಹಾರೋಹಳ್ಳಿ ಮತ್ತು ಕನಕಪುರ ರಸ್ತೆಯ ತಾತಗುಣಿಯಲ್ಲಿರುವ ಪಂಪಿಂಗ್ ಕೇಂದ್ರಗಳು ಈ ನೀರನ್ನು ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಿ ನಗರಕ್ಕೆ ತಲುಪಿಸುತ್ತವೆ.

ಈ ವ್ಯವಸ್ಥೆಯಲ್ಲಿ ಮೀನುಗಳ ದೃಷ್ಟಿಯಿಂದ ಮುಖ್ಯವಾದ ಎರಡು ಅಂಶಗಳಿವೆ. ಒಂದು, ಶಿವ ಅಣೆಕಟ್ಟು ಇರುವುದು ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳ ಮೇಲ್ಭಾಗದಲ್ಲಿ. ಜಲಪಾತಗಳು ಪ್ರಕೃತಿಯೇ ಒಡ್ಡಿದ ತಡೆಯಾಗಿರುವುದರಿಂದ ಕೆಳಗಿನ ಮೀನುಗಳು ಈ ಅಣೆಕಟ್ಟಿನವರೆಗೆ ಬರಲಾರವು. ಇಲ್ಲಿ ಮೀನುದಾರಿ ಮಾಡಿದರೆ ಅದರ ಉಪಯೋಗ ಜಲಪಾತದ ಮೇಲಿನ ಭಾಗದಲ್ಲಿ ನೆಲೆಸಿದ ಮೀನುಗಳಿಗೆ ಮಾತ್ರ. ಜಲಪಾತದ ಕೆಳಗಿನ ಮೀನುಗಳಿಗೆ ಮುಖ್ಯವಾದದ್ದು ಮೇಲಿನಿಂದ ಯಾವಾಗ, ಎಷ್ಟು ನೀರು ಬರುತ್ತದೆ ಎಂಬುದು. ಎರಡು, ನಗರ ಬಳಸಿದ ನೀರಿನ ಒಂದು ಪಾಲು ನದಿಗೇ ಮರಳುತ್ತದೆ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳ ಕೊಳಚೆಯನ್ನು ಹೊತ್ತು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಸಂಗಮವಿರುವುದು ಮಹಶೀರ್ ಮೀನಿನ ಮುಖ್ಯ ನೆಲೆಯ ನಡುವೆ. ಮಲಿನಗೊಂಡ ಉಪನದಿ ಮೊಟ್ಟೆಯಿಡಲು ಹೊರಟ ಮೀನಿಗೆ ಮುಚ್ಚಿದ ದಾರಿಯೇ ಸರಿ.

ಗೂನುಬೆನ್ನಿನ ಮಹಶೀರ್

ಗೂನುಬೆನ್ನಿನ ಮಹಶೀರ್ ಕಾವೇರಿ ಜಲಾನಯನಕ್ಕೆ ಸೀಮಿತವಾದ, 50 ಕಿ.ಗ್ರಾಂ.ಗೂ ಹೆಚ್ಚು ತೂಗಬಲ್ಲ ಮೀನು. ತಲೆಯ ಹಿಂದಿನ ಉಬ್ಬು ಮತ್ತು ಕಿತ್ತಳೆ ಬಣ್ಣದ ಈಜುರೆಕ್ಕೆಗಳು ಇದರ ಗುರುತು. ಗಾಳ ಹಾಕುವವರಲ್ಲಿ ಜಗತ್ಪ್ರಸಿದ್ಧವಾಗಿದ್ದರೂ ಇದರ ವೈಜ್ಞಾನಿಕ ಹೆಸರಿನ ಬಗ್ಗೆ ದೀರ್ಘಕಾಲ ಗೊಂದಲವಿತ್ತು. ಕೇರಳದ ಪಾಂಬಾರ್ ನದಿಯ ಮೀನುಗಳನ್ನು ಆಧರಿಸಿ ಹೆಸರಿಸಲಾಗಿದ್ದ ‘ಟಾರ್ ರೆಮಾದೇವಿಯೈ’ ಪ್ರಭೇದವೂ ಇದೂ ಒಂದೇ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಶಿವನಸಮುದ್ರದಿಂದ ಮೆಟ್ಟೂರು ಜಲಾಶಯದ ಹಿನ್ನೀರಿನವರೆಗಿನ ಕಾವೇರಿ ಹಾಗೂ ಭವಾನಿಯ ಉಪನದಿಯಾದ ಮೋಯಾರ್ ಈ ಮೀನಿನ ಉಳಿದಿರುವ ಮುಖ್ಯ ನೆಲೆಗಳು. ಕಾವೇರಿಯ ಈ ಭಾಗದ ಬಹುಪಾಲು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದೆ. ಭೀಮೇಶ್ವರಿ, ದೊಡ್ಡಮಾಕಳಿ ಮತ್ತು ಗಾಳಿಬೋರೆಯಲ್ಲಿ ಹಿಂದೆ ಮೀನನ್ನು ಹಿಡಿದು ಮರಳಿ ನೀರಿಗೆ ಬಿಡುವ ಗಾಳದ ಶಿಬಿರಗಳು ನಡೆಯುತ್ತಿದ್ದವು.

ಅಣೆಕಟ್ಟುಗಳಿಂದಾದ ನಷ್ಟವನ್ನು ಮರಿ ಬಿತ್ತನೆಯಿಂದ ತುಂಬಿಕೊಡಬಹುದೆಂಬ ವಾದಕ್ಕೆ ಈ ಮೀನಿನ ಕಥೆ ಒಂದು ಎಚ್ಚರಿಕೆಯಾಗಿದೆ. ಮಹಾರಾಷ್ಟ್ರದ ಲೋನಾವಳದ ಮೀನು ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ (ಟಾರ್ ಖುದ್ರೀ) ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆ ಕಾಲದಲ್ಲಿ ಅದನ್ನು ಸಂರಕ್ಷಣಾ ಕಾರ್ಯವೆಂದೇ ಭಾವಿಸಲಾಗಿತ್ತು. ಆದರೆ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಗಳನ್ನು ವಿಜ್ಞಾನಿಗಳು ವಿಶ್ಲೇಷಿಸಿದಾಗ, ಹೊರಗಿನಿಂದ ಬಂದ ನೀಲಿ ರೆಕ್ಕೆಯ ಮೀನುಗಳು ಹೆಚ್ಚಿದ್ದೂ, ನದಿಯದೇ ಆದ ಗೂನುಬೆನ್ನಿನ ಮೀನುಗಳು ತೀವ್ರವಾಗಿ ಕುಸಿದದ್ದೂ ಕಂಡುಬಂದಿತು. ಮಹಶೀರ್ ಎಂಬ ಒಂದೇ ಹೆಸರಿನಡಿ ಎರಡು ಪ್ರಭೇದಗಳನ್ನು ಎಣಿಸಿದ್ದರಿಂದ ಈ ಕುಸಿತ ಬಹುಕಾಲ ಗಮನಕ್ಕೆ ಬಂದಿರಲಿಲ್ಲ.

ಮೀನುದಾರಿಯ ವಿಧಗಳು

ಕೊಳ ಮೆಟ್ಟಿಲು ಏಣಿ: ಅಣೆಕಟ್ಟಿನ ಬದಿಯಲ್ಲಿ ಮೆಟ್ಟಿಲುಗಳಂತೆ ಒಂದಕ್ಕಿಂತ ಒಂದು ಎತ್ತರದಲ್ಲಿರುವ ಸಣ್ಣ ಕೊಳಗಳ ಸಾಲು. ಮೀನು ಒಂದು ಕೊಳದಿಂದ ಇನ್ನೊಂದಕ್ಕೆ ಏರುತ್ತಾ, ನಡುವೆ ದಣಿವಾರಿಸಿಕೊಳ್ಳುತ್ತಾ ಸಾಗುತ್ತದೆ.

ಲಂಬ ಸೀಳು ದಾರಿ: ಕೊಳಗಳ ನಡುವಿನ ಗೋಡೆಯಲ್ಲಿ ಮೇಲಿನಿಂದ ತಳದವರೆಗೆ ಸೀಳು ಇರುತ್ತದೆ. ನೆಗೆಯದ ಮೀನುಗಳೂ, ತಳದಲ್ಲಿ ಸಾಗುವ ಮೀನುಗಳೂ ಇದರ ಮೂಲಕ ದಾಟಬಲ್ಲವು. ನೀರಿನ ಮಟ್ಟದಲ್ಲಿ ಏರಿಳಿತವಾದರೂ ಇದು ಕೆಲಸ ಮಾಡುತ್ತದೆ.

ಡೆನಿಲ್ ದಾರಿ: ಬೆಲ್ಜಿಯಂನ ಇಂಜಿನಿಯರ್ ಡೆನಿಲ್ 1909ರಲ್ಲಿ ರೂಪಿಸಿದ್ದು. ಇಳಿಜಾರಾದ ಕಾಲುವೆಯೊಳಗೆ ಅಡ್ಡಪಟ್ಟಿಗಳನ್ನು ಜೋಡಿಸಿ ನೀರಿನ ವೇಗವನ್ನು ತಗ್ಗಿಸಲಾಗುತ್ತದೆ.

ಬಳಸುಕಾಲುವೆ: ಅಣೆಕಟ್ಟನ್ನು ಬಳಸಿಕೊಂಡು ಹೋಗುವ, ಕಲ್ಲು ಮತ್ತು ಜಲ್ಲಿ ಹಾಸಿದ, ಸಹಜ ಹಳ್ಳವನ್ನು ಹೋಲುವ ಕಾಲುವೆ. ಬೇರೆ ಬೇರೆ ಗಾತ್ರದ ಹಲವು ಪ್ರಭೇದಗಳಿರುವ ನದಿಗೆ ಇದು ಸೂಕ್ತ. ಆದರೆ ಇದಕ್ಕೆ ಹೆಚ್ಚಿನ ಜಾಗ ಬೇಕು.

ಮೀನು ಲಿಫ್ಟ್: ಅಣೆಕಟ್ಟಿನ ಬುಡದಲ್ಲಿ ಮೀನುಗಳನ್ನು ತೊಟ್ಟಿಯೊಂದಕ್ಕೆ ಆಕರ್ಷಿಸಿ, ತೊಟ್ಟಿಯನ್ನೇ ಮೇಲಕ್ಕೆತ್ತಿ ಜಲಾಶಯಕ್ಕೆ ಬಿಡುವ ಯಂತ್ರ.

ಹಿಡಿದು ಸಾಗಿಸುವುದು: ಮೀನುಗಳನ್ನು ಹಿಡಿದು ನೀರಿನ ಟ್ಯಾಂಕರುಗಳಲ್ಲಿ ಅಣೆಕಟ್ಟಿನ ಮೇಲ್ಭಾಗಕ್ಕೆ ಒಯ್ಯುವ ವಿಧಾನ.

ಎತ್ತರವು ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಉದಾಹರಣೆಗೆ, ಕೊಳದಿಂದ ಕೊಳಕ್ಕೆ 25 ಸೆಂ.ಮೀ. ಎತ್ತರವಿರಲೆಂದು ಇಟ್ಟುಕೊಂಡರೆ, 3 ಮೀಟರ್ ಎತ್ತರದ ಕಟ್ಟೆಗೆ 12 ಮೆಟ್ಟಿಲು ಸಾಕು. ಸುಮಾರು 40 ಮೀಟರ್ ಎತ್ತರದ ಕೃಷ್ಣರಾಜಸಾಗರದಂತಹ ಅಣೆಕಟ್ಟಿಗೆ 160 ಮೆಟ್ಟಿಲುಗಳು ಬೇಕಾಗುತ್ತವೆ. ಅಲ್ಲದೆ ಜಲಾಶಯದ ನೀರಿನ ಮಟ್ಟ ಬೇಸಿಗೆಯಿಂದ ಮಳೆಗಾಲಕ್ಕೆ ಬಹಳವಾಗಿ ಬದಲಾಗುವುದರಿಂದ ಏಣಿಯ ಮೇಲ್ತುದಿಯನ್ನು ನೀರಿಗೆ ಹೊಂದಿಸುವುದೂ ಕಷ್ಟ.

ವಿನ್ಯಾಸದ ಅಗತ್ಯಗಳು

ಮೀನುದಾರಿ ಯಶಸ್ವಿಯಾಗಲು ಮೀನಿಗೆ ಮೊದಲು ಅದರ ಬಾಗಿಲು ಸಿಗಬೇಕು. ಮೀನು ರಭಸದ ಹರಿವನ್ನು ಹುಡುಕಿ ಬರುವುದರಿಂದ, ಬಾಗಿಲಿನಿಂದ ಹೊರಬರುವ ನೀರು ಪಕ್ಕದ ಕೋಡಿ ಅಥವಾ ವಿದ್ಯುದಾಗಾರದ ನೀರಿನ ಸದ್ದಿನಲ್ಲಿ ಅಡಗಿಹೋಗಬಾರದು. ಕೊಳಗಳ ಅಳತೆ ಮತ್ತು ನೀರಿನ ವೇಗವು ದೊಡ್ಡ ಮಹಶೀರ್ ಮೀನಿಗೂ, ಬೆರಳುದ್ದದ ಸಣ್ಣ ಮೀನಿಗೂ ಹೊಂದಬೇಕು. ಈಲ್ ಮರಿಗಳಿಗೆ ತೇವವಾದ ಒರಟು ಮೇಲ್ಮೈಯಿರುವ ಪ್ರತ್ಯೇಕ ದಾರಿ ಬೇಕಾಗುತ್ತದೆ.

ಮೇಲೇರಿದ ಮೀನು ಮತ್ತು ಅದರ ಮರಿಗಳು ಇಳಿದು ಬರಲೂ ದಾರಿ ಬೇಕು. ಬ್ರೆಜಿಲ್‌ನ ನದಿಗಳ ಅನುಭವವನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮೀನುಗಳನ್ನು ಮೊಟ್ಟೆ ತಾಣವಿಲ್ಲದ ಜಲಾಶಯಕ್ಕೆ ಏರಿಸಿ ಮರಳಲು ಬಿಡದ ಏಣಿಗಳು ಬೋನಿನಂತೆ ಕೆಲಸ ಮಾಡಬಹುದೆಂದು ಎಚ್ಚರಿಸಿತು. ಥಾಯ್ಲೆಂಡಿನ ಪಾಕ್ ಮುನ್ ಅಣೆಕಟ್ಟಿನ ಏಣಿಯೂ ಮೆಕಾಂಗ್ ನದಿಯ ಮೀನುಗಳಿಗೆ ನಿರೀಕ್ಷಿತ ಪ್ರಯೋಜನ ನೀಡಲಿಲ್ಲ.

ಕುಡಿಯುವ ನೀರಿನ ಜಲಾಶಯಗಳಲ್ಲಿ ಇನ್ನೆರಡು ಅಗತ್ಯಗಳಿವೆ. ನೀರೆತ್ತುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಮರಿಗಳು ಪಂಪು ಮತ್ತು ಕೊಳವೆಗಳಿಗೆ ಸೆಳೆದುಹೋಗದಂತೆ ನೋಡಿಕೊಳ್ಳಬೇಕು. ಮೀನುಗಳ ಸಂಖ್ಯೆ ಮತ್ತು ಸತ್ತ ಮೀನುಗಳಿಂದ ನೀರಿನ ಗುಣಮಟ್ಟ ಕೆಡದಂತೆಯೂ ಎಚ್ಚರ ವಹಿಸಬೇಕು.

ಕುಡಿಯುವ ನೀರಿನ ಅಣೆಕಟ್ಟುಗಳಲ್ಲಿ ಮೀನುದಾರಿ: ಉದಾಹರಣೆಗಳು

ಅಮೆರಿಕದ ಸಿಯಾಟಲ್ ನಗರಕ್ಕೆ ನೀರು ಒದಗಿಸುವ ಸೀಡರ್ ನದಿಯ ಲ್ಯಾಂಡ್ಸ್‌ಬರ್ಗ್ ಅಣೆಕಟ್ಟು 1901ರಿಂದ ಸಾಲ್ಮನ್ ಮೀನುಗಳ ದಾರಿಯನ್ನು ತಡೆದಿತ್ತು. 2003ರಲ್ಲಿ ಅಲ್ಲಿ ಮೀನುದಾರಿ ಕಾರ್ಯಾರಂಭ ಮಾಡಿ, ಮೇಲಿನ ಸುಮಾರು 27 ಕಿ.ಮೀ. ನದಿ ಮೀನುಗಳಿಗೆ ಮತ್ತೆ ತೆರೆಯಿತು. ಚಿನೂಕ್ ಮತ್ತು ಕೋಹೋ ಸಾಲ್ಮನ್‌ಗಳನ್ನು ಮೇಲಕ್ಕೆ ಬಿಡಲಾಗುತ್ತದೆ. ಭಾರಿ ಸಂಖ್ಯೆಯಲ್ಲಿ ಬಂದು ಮೊಟ್ಟೆಯಿಟ್ಟು ಸಾಯುವ ಸಾಕ್‌ಐ ಸಾಲ್ಮನ್‌ಗಳನ್ನು ಮಾತ್ರ ಕುಡಿಯುವ ನೀರಿನ ಶುದ್ಧತೆಯ ದೃಷ್ಟಿಯಿಂದ ಕೆಳಗೇ ತಡೆಯಲಾಗುತ್ತದೆ.

ಆಸ್ಟ್ರೇಲಿಯಾದ ಸಿಡ್ನಿ ಪ್ರದೇಶದ ನೀರು ಸರಬರಾಜಿಗೆ ಬಳಸುವ ಶೋಲ್‌ಹೇವನ್ ನದಿಯ ಟಲ್ಲೋವಾ ಅಣೆಕಟ್ಟು (1976) 43 ಮೀಟರ್ ಎತ್ತರದ್ದು. ಅಲ್ಲಿ 2009ರಲ್ಲಿ ಮೀನು ಲಿಫ್ಟ್ ಅಳವಡಿಸಲಾಯಿತು. ಇದರ ಎತ್ತರ ಕೃಷ್ಣರಾಜಸಾಗರದ ಎತ್ತರಕ್ಕೆ ಹತ್ತಿರವಿರುವುದರಿಂದ ಈ ಉದಾಹರಣೆ ಗಮನಾರ್ಹ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ನದಿಗೆ 1921ರಲ್ಲಿ ನೀರು ಸರಬರಾಜಿಗಾಗಿ ಕಟ್ಟಿದ ಸ್ಯಾನ್ ಕ್ಲೆಮೆಂಟೆ ಅಣೆಕಟ್ಟು ಹೂಳು ತುಂಬಿ ನಿರುಪಯುಕ್ತವಾದಾಗ ಅದನ್ನು 2015ರಲ್ಲಿ ತೆಗೆದುಹಾಕಲಾಯಿತು.

ಭಾರತದಲ್ಲಿ ಗಂಗಾನದಿಯ ಫರಕ್ಕಾ ಬ್ಯಾರೇಜು (1975) ಹಿಲ್ಸಾ ವಲಸೆಯನ್ನು ಕುಗ್ಗಿಸಿದ ಪ್ರಮುಖ ಉದಾಹರಣೆ. ಕರ್ನಾಟಕದ ಕರಾವಳಿಯಲ್ಲಿ ಬೇರೊಂದು ಮಾದರಿಯಿದೆ. ಮಂಗಳೂರಿಗೆ ಕುಡಿಯುವ ನೀರು ಒದಗಿಸುವ ನೇತ್ರಾವತಿಯ ತುಂಬೆ ಅಣೆಕಟ್ಟು ಕಿಂಡಿ ಅಣೆಕಟ್ಟಾಗಿದ್ದು, ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ಮೇಲೆತ್ತಲಾಗುತ್ತದೆ. ಪ್ರವಾಹ ನಿರ್ವಹಣೆಗಾಗಿ ಮಾಡುವ ಈ ಕ್ರಮದಿಂದ ಮೀನುಗಳು ಏರುವ ಕಾಲದಲ್ಲೇ ನದಿ ತೆರೆದಿರುತ್ತದೆ. ಮಳೆ ಮುಗಿದ ಮೇಲೆ ಬೇಸಿಗೆಗಾಗಿ ನೀರು ನಿಲ್ಲಿಸುವ ತಗ್ಗಿನ ಕಟ್ಟೆಗಳಲ್ಲಿ ಬಾಗಿಲು ತೆರೆಯುವ ಮತ್ತು ಮುಚ್ಚುವ ದಿನಗಳನ್ನು ಮೀನಿನ ವಲಸೆಗೆ ಹೊಂದಿಸುವುದು ಕಡಿಮೆ ಖರ್ಚಿನ ಉಪಾಯವಾಗಬಲ್ಲದು.

ನೀರಿನ ಹಂಚಿಕೆ ಮತ್ತು ಪರಿಸರದ ಹರಿವು

ಮೀನುದಾರಿಗೂ ನೀರು ಬೇಕು. ಸೆಕೆಂಡಿಗೆ ಅರ್ಧ ಘನ ಮೀಟರ್ ನೀರು ಹರಿಯುವ ಒಂದು ದಾರಿಯಲ್ಲಿ ದಿನಕ್ಕೆ 4.32 ಕೋಟಿ ಲೀಟರ್ ಸಾಗುತ್ತದೆ. ಬರಗಾಲದಲ್ಲಿ ನಗರಕ್ಕೇ ನೀರು ಸಾಲದಿರುವಾಗ ಇದು ದುಂದಾಗಿ ತೋರಬಹುದು. ಆದರೆ ಕಾವೇರಿಯಲ್ಲಿ ನೀರಿನ ಒಂದು ಪಾಲು ಹೇಗೂ ಕೆಳಗೆ ಹರಿಯಲೇಬೇಕು. ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿ 16ರ ತೀರ್ಪಿನಂತೆ ಕಾವೇರಿಯ 740 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಅಡಿ ಹಂಚಿಕೆಯಾಗಿದೆ. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಪರಿಗಣಿಸಿ ಹೆಚ್ಚುವರಿಯಾಗಿ ನೀಡಿದ 4.75 ಟಿಎಂಸಿ ಅಡಿ ಇದರಲ್ಲಿ ಸೇರಿದೆ. ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಯಬೇಕು. ಪರಿಸರ ಸಂರಕ್ಷಣೆಗೆಂದು 10 ಟಿಎಂಸಿ ಅಡಿ ನೀರನ್ನು ಮೀಸಲಿಡಲಾಗಿದೆ.

ಹತ್ತು ಟಿಎಂಸಿ ಅಡಿಯನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 77.6 ಕೋಟಿ ಲೀಟರ್ ಆಗುತ್ತದೆ. ಅಂದರೆ ಪರಿಸರದ ಪಾಲು ಕಾವೇರಿ ಐದನೆಯ ಹಂತದ ಸಾಮರ್ಥ್ಯಕ್ಕೆ ಹೆಚ್ಚುಕಡಿಮೆ ಸಮ. ಆದುದರಿಂದ ಮೀನಿಗೆಂದು ಪ್ರತ್ಯೇಕವಾಗಿ ನೀರು ಹೊಂದಿಸುವುದಕ್ಕಿಂತ, ಹೇಗೂ ಹರಿಯಬೇಕಾದ ನೀರನ್ನು ಯಾವ ಕಾಲದಲ್ಲಿ, ಯಾವ ಬಾಗಿಲಿನ ಮೂಲಕ ಬಿಡಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಮುಂಗಾರಿನ ಆರಂಭದಲ್ಲಿ ಕೆಲವು ದಿನ ಪ್ರವಾಹವನ್ನು ಹೋಲುವಂತೆ ನೀರು ಬಿಡುವುದು, ಮೊಟ್ಟೆಗಳು ಒಡೆಯುವವರೆಗೆ ನೀರಿನ ಮಟ್ಟವನ್ನು ಹಠಾತ್ತನೆ ಇಳಿಸದಿರುವುದು ಇಂತಹ ಕ್ರಮಗಳು.

ಮೇಕೆದಾಟು ಯೋಜನೆ

ಮೇಕೆದಾಟು ಯೋಜನೆಯು ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿ ಸಂಗಮದ ಕೆಳಭಾಗದಲ್ಲಿ ಕರ್ನಾಟಕ ಸರ್ಕಾರ ಪ್ರಸ್ತಾಪಿಸಿರುವ ಸಮತೋಲನ ಜಲಾಶಯ. ಸುಮಾರು 67 ಟಿಎಂಸಿ ಅಡಿ ಸಂಗ್ರಹ ಸಾಮರ್ಥ್ಯ ಮತ್ತು 400 ಮೆಗಾವಾಟ್ ವಿದ್ಯುತ್ ಉತ್ಪಾದನೆಯ ಈ ಯೋಜನೆಯ ಮುಖ್ಯ ಉದ್ದೇಶ ಬೆಂಗಳೂರು ಮತ್ತು ಸುತ್ತಲಿನ ಪ್ರದೇಶಗಳಿಗೆ ಕುಡಿಯುವ ನೀರು. ಮಳೆ ಚೆನ್ನಾದ ವರ್ಷಗಳಲ್ಲಿ ಹರಿದುಹೋಗುವ ಹೆಚ್ಚುವರಿ ನೀರನ್ನು ಹಿಡಿದಿಟ್ಟು, ಕೊರತೆಯ ವರ್ಷಗಳಲ್ಲಿ ನಗರಕ್ಕೂ ತಮಿಳುನಾಡಿನ ಪಾಲಿಗೂ ಬಳಸಬಹುದೆಂಬುದು ಕರ್ನಾಟಕದ ವಾದ. ತಮಿಳುನಾಡು ಯೋಜನೆಯನ್ನು ವಿರೋಧಿಸುತ್ತಿದೆ. ಮುಳುಗಡೆಯಾಗುವ ಸುಮಾರು 5,000 ಹೆಕ್ಟೇರ್ ಪ್ರದೇಶದ ಬಹುಪಾಲು ಕಾವೇರಿ ವನ್ಯಜೀವಿಧಾಮ ಮತ್ತು ಮೀಸಲು ಅರಣ್ಯಕ್ಕೆ ಸೇರಿದೆ.

ಈ ಯೋಜನೆ ಕುರಿತ ಸಾರ್ವಜನಿಕ ಚರ್ಚೆಯು ಹೆಚ್ಚಾಗಿ ರಾಜ್ಯಗಳ ನಡುವಿನ ನೀರಿನ ಪಾಲು ಮತ್ತು ಮುಳುಗಡೆಯಾಗುವ ಕಾಡಿನ ಸುತ್ತ ನಡೆದಿದೆ. ಮೀನುಗಳ ದೃಷ್ಟಿಯಿಂದ ನೋಡಿದರೆ, ಶಿವನಸಮುದ್ರ ಮತ್ತು ಮೆಟ್ಟೂರಿನ ನಡುವೆ ಹರಿಯುವ ನದಿಯಾಗಿ ಉಳಿದಿರುವ ಭಾಗವನ್ನು ಈ ಅಣೆಕಟ್ಟು ಎರಡಾಗಿ ತುಂಡರಿಸುತ್ತದೆ ಮತ್ತು ಮೇಲಿನ ತುಂಡಿನ ರಭಸದ ಹರಿವುಗಳು ಹಾಗೂ ಜಲ್ಲಿ ಹಾಸುಗಳು ನಿಂತ ನೀರಿನಡಿ ಮುಳುಗುತ್ತವೆ. ಗೋಡೆಯ ತಡೆಯನ್ನು ಮೀನು ಲಿಫ್ಟ್‌ನಂತಹ ಸಾಧನ ಸ್ವಲ್ಪ ಮಟ್ಟಿಗೆ ನಿವಾರಿಸಬಹುದು. ಆದರೆ ಮುಳುಗಿದ ಮೊಟ್ಟೆ ತಾಣವನ್ನು ಯಾವ ಮೀನುದಾರಿಯೂ ಮರಳಿ ಕೊಡಲಾರದು. ಹಾಗಾಗಿ ಇಲ್ಲಿ ಮೀನುದಾರಿಯ ವಿನ್ಯಾಸಕ್ಕಿಂತ ಮೊದಲು ಬರುವ ಪ್ರಶ್ನೆ, ನದಿಯ ಯಾವ ಭಾಗವನ್ನು ಹರಿಯುವ ನದಿಯಾಗಿಯೇ ಉಳಿಸಬೇಕು ಎಂಬುದಾಗಿದೆ.

ಸಂರಕ್ಷಣೆಯ ಇತರ ಕ್ರಮಗಳು

ಮೀನುದಾರಿ ಒಂದರಿಂದಲೇ ವಲಸೆ ಮೀನುಗಳ ಸಂತತಿ ಉಳಿಯುವುದಿಲ್ಲ. ಮರಳು ಗಣಿಗಾರಿಕೆ ಮತ್ತು ಸಿಡಿಮದ್ದು ಬಳಸಿ ಮೀನು ಹಿಡಿಯುವುದನ್ನು ತಡೆಯುವುದು, ಮೊಟ್ಟೆಯಿಡುವ ಮುಂಗಾರಿನ ತಿಂಗಳುಗಳಲ್ಲಿ ಮೀನುಗಾರಿಕೆಗೆ ವಿರಾಮ ನೀಡುವುದು, ಆಫ್ರಿಕನ್ ಕ್ಯಾಟ್‌ಫಿಶ್ ಮತ್ತು ತಿಲಾಪಿಯದಂತಹ ಹೊರಗಿನ ಮೀನುಗಳು ನದಿ ಸೇರದಂತೆ ನೋಡಿಕೊಳ್ಳುವುದು ಅಗತ್ಯ. ಮರಿ ಬಿತ್ತನೆ ಮಾಡುವುದಾದರೆ ಆಯಾ ನದಿಯದೇ ಪ್ರಭೇದವನ್ನು ಮಾತ್ರ ಬಿಡಬೇಕೆಂಬುದು ಕಾವೇರಿಯ ಅನುಭವದಿಂದ ತಿಳಿದುಬಂದಿರುವ ಪಾಠ.

ನಗರದೊಳಗಿನ ಕ್ರಮಗಳೂ ನದಿಯ ಮೇಲೆ ಪರಿಣಾಮ ಬೀರುತ್ತವೆ. ಕೊಳವೆಗಳ ಸೋರಿಕೆ ತಡೆದಷ್ಟೂ, ಮಳೆನೀರು ಸಂಗ್ರಹ ಮತ್ತು ಸಂಸ್ಕರಿಸಿದ ನೀರಿನ ಮರುಬಳಕೆ ಹೆಚ್ಚಿದಷ್ಟೂ ಹೊಸ ಅಣೆಕಟ್ಟಿನ ಒತ್ತಡ ತಗ್ಗುತ್ತದೆ. ವೃಷಭಾವತಿ ಕಣಿವೆಯ ಕೊಳಚೆ ಪೂರ್ಣವಾಗಿ ಸಂಸ್ಕರಣೆಗೊಂಡರೆ ಅರ್ಕಾವತಿಯು ಸಂಗಮದಿಂದ ಮೇಲಕ್ಕೆ ಮತ್ತೆ ಮೀನುಗಳು ಏರಬಲ್ಲ ಉಪನದಿಯಾಗಲು ಸಾಧ್ಯವಿದೆ.